ಮೇದಸ್ಸಿಗೊಂದು ಹರಿಗೋಲು

ರಾಯಚೂರು ಸೀಮೆಯ ಬೇಸಗೆಯಲ್ಲಿ ಬಾಯಿ ತೆರೆದಿಟ್ಟ ಕುಸುಬೆ ಎಣ್ಣೆಯ ಡಬ್ಬಿಯನ್ನು ಕೆಲವು ವಾರಗಳ ಮೇಲೆ ಮೂಸಿ ನೋಡಿದರೆ ಕಮಟು ವಾಸನೆಯು ಮೂಗಿಗೆ ಬಡಿಯುವುದು. ಎಣ್ಣೆ ಕೆಟ್ಟಿತು ಎಂದು ಮನೆಯವರು ಅದನ್ನು ಒತ್ತಟ್ಟಿಗೆ ಇಡುವರು. ಕೆಟ್ಟಿತು ಎಂದರೆ ಏನಾಯಿತು? ಎಣ್ಣೆಯ ಅಣುಗಳು ಗಾಳಿಯಲ್ಲಿರುವ ಆಮ್ಲಜನಕದೊಡನೆ ಕೂಡಿ ಒಡೆದು ಬೇರೆ ವಸ್ತುಗಳಾದವು. ಬಾಗಿಲಿನ ಚೌಕಟ್ಟಿಗೆ ಬಳಿದ ಅಗಸೆ ಎಣ್ಣೆಯು ಒಣಗಿ ಗಟ್ಟಿ ಪದರವಾಗುವುದೂ ಇದೇ ಕ್ರಿಯೆಯಿಂದಲೇ. ಅಲ್ಲಿ ಎಣ್ಣೆಯು ನೀರಿನಂತೆ ಆವಿಯಾಗಿ ಹೋಗುವುದಿಲ್ಲ. ಆಮ್ಲಜನಕವನ್ನು ಹೀರಿಕೊಂಡು ಅಣುವಿಗೆ ಅಣು ಹೆಣೆದುಕೊಳ್ಳುವುದು. ಈ ಬಗೆಯ ಸಂಯೋಗಕ್ಕೆ ರಸಾಯನಶಾಸ್ತ್ರದಲ್ಲಿ ಉತ್ಕರ್ಷಣವೆಂದು ಹೆಸರು.

ಇಲ್ಲಿ ಒಂದು ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ನಮ್ಮ ದೇಹದ ಪ್ರತಿಯೊಂದು ಜೀವಕೋಶದ ಸುತ್ತಲೂ ಮೇದಸ್ಸಿನಿಂದಾದ ತೆಳುವಾದ ಪೊರೆಯುಂಟು. ನಮ್ಮ ಮಿದುಳಿನಲ್ಲಂತೂ ಮೇದಸ್ಸು ವಿಶೇಷವಾಗಿದೆ. ದೇಹದ ಉಷ್ಣತೆಯು ಸದಾ 37 ಡಿಗ್ರಿ ಸೆಲ್ಸಿಯಸ್. ಉಸಿರಿನ ಮೂಲಕ ಆಮ್ಲಜನಕವು ಕ್ಷಣವೂ ಬಿಡದೆ ಒಳಗೆ ಬರುತ್ತಿರುವುದು. ದೇಹದ ತೂಕದಲ್ಲಿ ನೂರಕ್ಕೆ 2 ಪಾಲು ಮಾತ್ರವಿರುವ ಮಿದುಳು ನಾವು ಸೇವಿಸುವ ಆಮ್ಲಜನಕದಲ್ಲಿ ನೂರಕ್ಕೆ ಸುಮಾರು 20 ಪಾಲನ್ನು ಬಳಸುತ್ತದೆ. ಹಾಗಿದ್ದರೆ ಡಬ್ಬಿಯೊಳಗಿನ ಎಣ್ಣೆಯು ಕೆಲವೇ ವಾರಗಳಲ್ಲಿ ಕೆಡುವಾಗ ಮಿದುಳಿನ ಮೇದಸ್ಸು ಎಪ್ಪತ್ತು ಎಂಬತ್ತು ವರ್ಷಗಳ ಕಾಲ ಕೆಡದೆ ಉಳಿಯುವುದು ಹೇಗೆ?

ಅದು ಕೊಂಚಕೊಂಚವಾಗಿ ಕೆಡುತ್ತಲೇ ಇರುತ್ತದೆ; ಕೆಟ್ಟುದನ್ನು ಸರಿಪಡಿಸಲು ದೇಹದಲ್ಲಿ ಕಾವಲುಗಾರರ ಒಂದು ಪಡೆಯೇ ಇದೆ. ಆ ಪಡೆಯಲ್ಲಿ ಬಹುಕಾಲ ಯಾರ ಗಮನಕ್ಕೂ ಬಾರದೆ ಉಳಿದು, ಕಳೆದ ಕೆಲವು ದಶಕಗಳಲ್ಲಿ ಮಾತ್ರ ಬೆಳಕಿಗೆ ಬಂದ ಒಂದು ಪ್ರೋಟೀನಿನ ವೃತ್ತಾಂತವನ್ನು ಈ ಲೇಖನದಲ್ಲಿ ನೋಡೋಣ. ಅದರ ಹೆಸರು ಆಪೊಲಿಪೊಪ್ರೋಟೀನ್-ಡಿ. ಹೆಸರು ಉದ್ದವಾದುದರಿಂದ ಇನ್ನು ಮುಂದೆ ಅದನ್ನು ಆಪೊ-ಡಿ ಎಂದು ಕರೆಯೋಣ.

ಆಮ್ಲಜನಕದ ಎರಡು ಮುಖಗಳು

ಮೊದಲು ಆಮ್ಲಜನಕದ ಸ್ವಭಾವವನ್ನು ತಿಳಿಯಬೇಕು. ಸಾಮಾನ್ಯವಾಗಿ ಅಣುಗಳಲ್ಲಿ ಎಲೆಕ್ಟ್ರಾನುಗಳು ಜೋಡಿಜೋಡಿಯಾಗಿ ಇರುವುವು. ಆಮ್ಲಜನಕದ ಅಣುವಿನಲ್ಲಾದರೋ ಎರಡು ಎಲೆಕ್ಟ್ರಾನುಗಳು ಜೋಡಿಯಿಲ್ಲದೆ ಒಂಟಿಯಾಗಿವೆ. ದ್ರವರೂಪಕ್ಕೆ ತಂದ ಆಮ್ಲಜನಕವನ್ನು ಪ್ರಬಲವಾದ ಅಯಸ್ಕಾಂತದ ಧ್ರುವಗಳ ನಡುವೆ ಸುರಿದರೆ ಅದು ಕೆಳಗೆ ಹರಿದುಹೋಗದೆ ಅಲ್ಲಿಯೇ ಅಂಟಿಕೊಂಡು ನಿಲ್ಲುವುದು. ಇದಕ್ಕೆ ಆ ಒಂಟಿ ಎಲೆಕ್ಟ್ರಾನುಗಳೇ ಕಾರಣ. ಜೀವಕೋಶದೊಳಗೆ ಆಹಾರವು ಉರಿದು ಶಕ್ತಿಯಾಗುವಾಗ ಕೆಲವು ಎಲೆಕ್ಟ್ರಾನುಗಳು ದಾರಿ ತಪ್ಪಿ ಆಮ್ಲಜನಕದ ಅಣುವನ್ನು ಸೇರಿಕೊಳ್ಳುತ್ತವೆ. ಆಗ ಹುಟ್ಟುವ ವಸ್ತುವೇ ಸೂಪರಾಕ್ಸೈಡು. ಇದರಿಂದ ಹೈಡ್ರೊಜನ್ ಪೆರಾಕ್ಸೈಡೂ, ಅದರಿಂದ ಇನ್ನೂ ಉಗ್ರವಾದ ಹೈಡ್ರಾಕ್ಸಿಲ್ ರ‍್ಯಾಡಿಕಲ್ಲೂ ಉಂಟಾಗುವುವು. ಒಂಟಿ ಎಲೆಕ್ಟ್ರಾನನ್ನು ಹೊತ್ತು ತಿರುಗುವ ಇಂಥ ಅಣುಗಳಿಗೆ ಮುಕ್ತ ರ‍್ಯಾಡಿಕಲ್ಲುಗಳೆಂದು ಹೆಸರು. ಸೂಪರಾಕ್ಸೈಡನ್ನು ತಣಿಸುವ ಕಿಣ್ವವೊಂದು ನಮ್ಮ ದೇಹದಲ್ಲಿಯೇ ಇದೆಯೆಂಬುದನ್ನು 1969ರಲ್ಲಿ ಅಮೆರಿಕದ ಮೆಕ್‌ಕಾರ್ಡ್ ಮತ್ತು ಫ್ರಿಡೋವಿಚ್ ಎಂಬ ವಿಜ್ಞಾನಿಗಳು ತೋರಿಸಿದರು.

ಮುಕ್ತ ರ‍್ಯಾಡಿಕಲ್ಲು ಮೇದಸ್ಸಿನ ಪೊರೆಯನ್ನು ತಾಕಿದರೆ ಏನಾಗುವುದು? ಕುಸುಬೆ ಎಣ್ಣೆಯಲ್ಲಿ ಹೇರಳವಾಗಿರುವ ಲಿನೋಲಿಯಿಕ್ ಆಮ್ಲದ ಸರಪಳಿಯಲ್ಲಿ 18 ಇಂಗಾಲದ ಪರಮಾಣುಗಳೂ ಎರಡು ಜೋಡಿಬಂಧಗಳೂ ಇವೆ. ಆ ಎರಡು ಜೋಡಿಬಂಧಗಳ ನಡುವಣ ಇಂಗಾಲಕ್ಕೆ ಅಂಟಿದ ಜಲಜನಕದ ಹಿಡಿತ ಸಡಿಲ. ರ‍್ಯಾಡಿಕಲ್ಲು ಅದನ್ನು ಕಿತ್ತುಕೊಳ್ಳುವುದು. ಜಲಜನಕವನ್ನು ಕಳೆದುಕೊಂಡ ಅಣುವು ಈಗ ತಾನೇ ರ‍್ಯಾಡಿಕಲ್ಲಾಗಿ ಆಮ್ಲಜನಕವನ್ನು ಸೇರಿಸಿಕೊಂಡು ಪಕ್ಕದ ಅಣುವಿನಿಂದ ಜಲಜನಕವನ್ನು ಕಿತ್ತುಕೊಳ್ಳುವುದು. ಹೀಗೆ ಒಂದರಿಂದ ಮತ್ತೊಂದಕ್ಕೆ, ಒಣ ಹುಲ್ಲಿನ ಬಣವೆಯಲ್ಲಿ ಬೆಂಕಿ ಹಬ್ಬಿದಂತೆ, ಕೇಡು ಹಬ್ಬುತ್ತ ಹೋಗುವುದು. ದಾರಿಯುದ್ದಕ್ಕೂ ಉಳಿಯುವ ವಸ್ತು ಮೇದಸ್ಸಿನ ಹೈಡ್ರೊಪೆರಾಕ್ಸೈಡು. ಇದು ಬೂದಿ ಮುಚ್ಚಿದ ಕೆಂಡ. ಕಬ್ಬಿಣದ ಅಯಾನು ತಗುಲಿದೊಡನೆ ಒಡೆದು ಹೊಸ ರ‍್ಯಾಡಿಕಲ್ಲುಗಳನ್ನು ಹುಟ್ಟಿಸುವುದು. ಅದು ಒಡೆದಾಗ ಬರುವ ಆಲ್ಡಿಹೈಡುಗಳೇ ಎಣ್ಣೆಯ ಕಮಟಿಗೆ ಮುಖ್ಯ ಕಾರಣ. ದೇಹದೊಳಗಾದರೆ ಅವು ಪ್ರೋಟೀನುಗಳಿಗೆ ಅಂಟಿ ಅವುಗಳ ಕೆಲಸವನ್ನು ಕೆಡಿಸುತ್ತವೆ.

ಮಿದುಳಿನಲ್ಲಿರುವ ಅರಾಕಿಡೋನಿಕ್ ಆಮ್ಲದಲ್ಲಿ 4 ಜೋಡಿಬಂಧಗಳೂ, ಡೊಕೋಸಾಹೆಕ್ಸೀನೋಯಿಕ್ ಆಮ್ಲದಲ್ಲಿ 6 ಜೋಡಿಬಂಧಗಳೂ ಇವೆ. ಜೋಡಿಬಂಧ ಹೆಚ್ಚಿದಷ್ಟೂ ಅಪಾಯವು ಹೆಚ್ಚು. ರ‍್ಯಾಡಿಕಲ್ಲುಗಳ ಹುಟ್ಟುವಳಿಯು ಕಾವಲು ಪಡೆಯ ಶಕ್ತಿಯನ್ನು ಮೀರಿದ ಸ್ಥಿತಿಯನ್ನೇ ಉತ್ಕರ್ಷಣದ ಒತ್ತಡವೆಂದು ಕರೆಯುವರು.

ಹೊಳೆ ದಾಟುವ ಉಪಾಯ

ಮೇದಸ್ಸಿಗೆ ಇನ್ನೊಂದು ತೊಡಕು ಇದೆ. ಅದು ನೀರಿನಲ್ಲಿ ಕರಗುವುದಿಲ್ಲ. ರಕ್ತವಾದರೋ ಬಹುಪಾಲು ನೀರು. ಆದುದರಿಂದ ಮೇದಸ್ಸು ಒಂದು ಅಂಗದಿಂದ ಇನ್ನೊಂದಕ್ಕೆ ಹೋಗಬೇಕಾದರೆ ಅದಕ್ಕೊಂದು ವಾಹನ ಬೇಕು.

ಕೃಷ್ಣಾ ತುಂಗಭದ್ರೆಗಳ ನಡುವಣ ಈ ಎಡದೊರೆ ನಾಡಿನವರಿಗೆ ವಾಹನವೆಂದೊಡನೆ ಹರಿಗೋಲು ನೆನಪಾಗುವುದು. ದೇವದುರ್ಗದ ಕಡೆಗೆ ಕೃಷ್ಣೆ, ಮಾನ್ವಿಯ ಕಡೆಗೆ ತುಂಗಭದ್ರೆ. ರಾಯಚೂರು ತಾಲ್ಲೂಕಿನ ಕುರ್ವಕುಲ, ಕುರ್ವಕುರ್ದ ಮೊದಲಾದ ನಡುಗಡ್ಡೆಯ ಊರುಗಳವರು ತಲೆತಲಾಂತರದಿಂದ ಇಂಥ ದೋಣಿಗಳಲ್ಲಿಯೇ ಹೊಳೆಯನ್ನು ದಾಟಿದವರು. ಹದಿನಾರನೆಯ ಶತಮಾನದಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನೂ ಬುಟ್ಟಿಯಂತೆ ದುಂಡಗಿರುವ, ಹೊರಗೆ ಚರ್ಮವನ್ನು ಹೊದಿಸಿದ ಈ ದೋಣಿಗಳನ್ನು ಕುರಿತು ಬರೆದಿದ್ದಾನೆ. ಹೊರಮೈ ನೀರಿಗೆ ಹೊಂದುವುದು, ಒಳಮೈ ಸರಕನ್ನು ನೀರಿನಿಂದ ಕಾಪಾಡುವುದು, ಇದೇ ಹರಿಗೋಲಿನ ಗುಟ್ಟು.

ಆಪೊ-ಡಿ ಪ್ರೋಟೀನಿನ ರಚನೆಯೂ ಇದನ್ನೇ ಹೋಲುತ್ತದೆ. 169 ಅಮೈನೋ ಆಮ್ಲಗಳ ಒಂದು ಸರಪಳಿಯು ಎಂಟು ಪಟ್ಟಿಗಳಾಗಿ ಮಡಿಸಿಕೊಂಡು, ಆ ಪಟ್ಟಿಗಳು ಬುಟ್ಟಿಯ ದಬ್ಬೆಗಳಂತೆ ಸುತ್ತಲೂ ನಿಂತು ಒಂದು ಬಟ್ಟಲಾಗುವುದು. ಬಟ್ಟಲಿನ ಒಳಗೋಡೆಗೆ ನೀರೆಂದರೆ ಆಗದು, ಮೇದಸ್ಸೆಂದರೆ ಒಲವು. ಇಂಥ ಬಟ್ಟಲಿನಾಕಾರದ ಪ್ರೋಟೀನುಗಳ ಕುಲಕ್ಕೆ ಲೈಪೊಕ್ಯಾಲಿನ್ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಮೇದಸ್ಸು, ಬಟ್ಟಲು ಎಂಬ ಅರ್ಥದ ಎರಡು ಮಾತುಗಳು ಈ ಹೆಸರಿನಲ್ಲಿ ಕೂಡಿವೆ. ಕ್ಷ-ಕಿರಣಗಳ ನೆರವಿನಿಂದ ಆಪೊ-ಡಿಯ ಆಕಾರವನ್ನು ಜರ್ಮನಿಯ ವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದರು. ಪ್ರೋಟೀನಿನ ಸರಪಳಿಯು ಯಾವ ಯಾವ ಕೋನಗಳಲ್ಲಿ ಮಾತ್ರ ಬಾಗಬಲ್ಲುದೆಂಬ ನಿಯಮವನ್ನು 1963ರಲ್ಲಿ ಮದರಾಸಿನಲ್ಲಿ ತನ್ನ ಸಂಗಡಿಗರೊಡನೆ ಕಂಡುಹಿಡಿದವರು ಜಿ. ಎನ್. ರಾಮಚಂದ್ರನ್. ಬೆಂಗಳೂರಿನಲ್ಲಿ ಸಿ. ವಿ. ರಾಮನ್ನರ ಶಿಷ್ಯರಾಗಿದ್ದ ಅವರು ಭೌತವಿಜ್ಞಾನಿಗಳು. ಇಂದಿಗೂ ಇಂಥ ಆಕೃತಿಗಳು ಸರಿಯಾಗಿವೆಯೇ ಎಂದು ಪರೀಕ್ಷಿಸಲು ಅವರ ನಕ್ಷೆಯೇ ಒರೆಗಲ್ಲು.

ಆಪೊ-ಡಿಯ ಬಟ್ಟಲಿನಲ್ಲಿ ಕುಳಿತುಕೊಳ್ಳುವ ಮುಖ್ಯ ಪ್ರಯಾಣಿಕ ಅರಾಕಿಡೋನಿಕ್ ಆಮ್ಲ. ಪ್ರೊಜೆಸ್ಟರೋನ್ ಎಂಬ ಹಾರ್ಮೋನೂ ಅಲ್ಲಿ ಹಿಡಿಯುವುದು. ಬಟ್ಟಲಿನ ಬಾಯಂಚಿನಲ್ಲಿಯೂ ಮೇದಸ್ಸಿಗೆ ಒಲಿಯುವ ತಾಣಗಳಿವೆ. ಅವುಗಳ ಬಲದಿಂದ ಆಪೊ-ಡಿಯು ಎಚ್.ಡಿ.ಎಲ್. ಎಂಬ ಮೇದಸ್ಸಿನ ಕಣಗಳಿಗೆ ಅಂಟಿಕೊಳ್ಳುವುದು. ರಕ್ತಪರೀಕ್ಷೆಯ ಚೀಟಿಯಲ್ಲಿ ‘ಒಳ್ಳೆಯ ಕೊಲೆಸ್ಟರಾಲ್’ ಎಂದು ವಾಚಕರು ಕಂಡಿರುವುದು ಈ ಕಣಗಳನ್ನೇ. ಹೀಗೆ ಅಂಟಿಕೊಂಡಿದ್ದುದರಿಂದಲೇ ಅದಕ್ಕೆ ಆಪೊಲಿಪೊಪ್ರೋಟೀನ್ ಎಂಬ ಹೆಸರು ಬಂದಿತು. ಕುಲವನ್ನು ನೋಡಿದರೆ ಎ, ಬಿ ಮೊದಲಾದ ಆಪೊಲಿಪೊಪ್ರೋಟೀನುಗಳಿಗೂ ಇದಕ್ಕೂ ನಂಟಿಲ್ಲ.

ಅಪರಾಧಿಯೋ, ಕಾವಲುಗಾರನೋ?

ಈಗ ಕಥೆಯ ಮುಖ್ಯ ಭಾಗಕ್ಕೆ ಬರೋಣ. ಇಲಿಯ ಕಾಲಿನ ನರವನ್ನು ಜಖಂಗೊಳಿಸಿದ ಪ್ರಯೋಗವೊಂದರ ಫಲ 1990ರಲ್ಲಿ ಪ್ರಕಟವಾಯಿತು. ನರವು ಮತ್ತೆ ಬೆಳೆಯುವ ಕಾಲದಲ್ಲಿ ಅಲ್ಲಿ ಆಪೊ-ಡಿಯ ಪ್ರಮಾಣವು ನೂರಾರು ಪಟ್ಟು ಏರಿದ್ದಿತು. ಆಮೇಲೆ ಮರೆವಿನ ರೋಗವಾದ ಆಲ್ಜೈಮರ್ ರೋಗದವರ ಮಿದುಳಿನಲ್ಲಿಯೂ, ಮುಪ್ಪಿನ ಮಿದುಳಿನಲ್ಲಿಯೂ ಅದು ಹೆಚ್ಚಿರುವುದು ಕಂಡುಬಂದಿತು. ಎಲ್ಲಿ ಕೇಡು ಇದೆಯೋ ಅಲ್ಲೆಲ್ಲ ಆಪೊ-ಡಿ ಇದೆ. ಹಾಗಾದರೆ ಕೇಡಿಗೆ ಅದೇ ಕಾರಣವೆ?

ಇಂಥ ಕಡೆಯಲ್ಲಿ ಅವಸರದ ತೀರ್ಮಾನ ಕೂಡದು. ಊರಿನಲ್ಲಿ ಎಲ್ಲೆಲ್ಲಿ ಬೆಂಕಿ ಬಿದ್ದಿದೆಯೋ ಅಲ್ಲೆಲ್ಲ ಕೊಡ ಹಿಡಿದವರು ನೆರೆದಿರುವುದನ್ನು ಕಂಡು, ಇವರೇ ಬೆಂಕಿ ಹಚ್ಚಿದವರೆಂದರೆ ಹೇಗೋ ಹಾಗಾದೀತು. ಎರಡು ಸಂಗತಿಗಳು ಒಟ್ಟಿಗೆ ಕಾಣಿಸಿಕೊಂಡ ಮಾತ್ರಕ್ಕೆ ಒಂದು ಮತ್ತೊಂದಕ್ಕೆ ಕಾರಣವಾಗಲಾರದು. ಸತ್ಯವನ್ನು ತಿಳಿಯಲು ಎರಡು ಪ್ರಯೋಗಗಳು ಬೇಕು: ಕೊಡ ಹಿಡಿದವರನ್ನು ತೆಗೆದುಬಿಟ್ಟರೆ ಬೆಂಕಿ ಕಡಮೆಯಾಗುವುದೋ ಹೆಚ್ಚುವುದೋ ನೋಡಬೇಕು, ಅವರ ಸಂಖ್ಯೆಯನ್ನು ಹೆಚ್ಚಿಸಿಯೂ ನೋಡಬೇಕು.

ಜೀವವಿಜ್ಞಾನಿಗಳು ಮಾಡಿದುದು ಇದನ್ನೇ. ಆಪೊ-ಡಿಯ ಬಂಧುವೊಂದು ಮಿಡತೆಯ ನರಕೋಶಗಳಲ್ಲಿರುವುದು 1995ರಲ್ಲಿಯೇ ತಿಳಿದಿದ್ದಿತು. ಅದಕ್ಕೆ ಲಾಸರಿಯೊ ಎಂದು ಹೆಸರಿಟ್ಟಿದ್ದರು. ಹಣ್ಣಿನ ನೊಣದಲ್ಲಿರುವ ಇಂಥದೇ ಪ್ರೋಟೀನನ್ನು ಕುರಿತು 2006ರಲ್ಲಿ ಎರಡು ಪರಿಶೋಧನೆಗಳು ಹೊರಬಂದವು. ಪ್ರೋಟೀನಿಲ್ಲದ ನೊಣಗಳು ಉತ್ಕರ್ಷಣದ ಒತ್ತಡವನ್ನು ತಾಳಲಾರದೆ ಬೇಗ ಸತ್ತವು. ಪ್ರೋಟೀನು ಹೆಚ್ಚಿದ್ದ ನೊಣಗಳು ಹೆಚ್ಚು ಕಾಲ ಬದುಕಿದವು. 2008ರಲ್ಲಿ ಮನುಷ್ಯನ ಆಪೊ-ಡಿಯ ಜೀನನ್ನೇ ನೊಣಗಳಿಗೆ ಸೇರಿಸಿದಾಗಲೂ ಅವುಗಳ ಆಯುಷ್ಯ ಹೆಚ್ಚಿತು, ಮೇದಸ್ಸಿನ ಪೆರಾಕ್ಸೈಡುಗಳು ಕಡಮೆಯಾದವು. ಅದೇ ವರ್ಷ ಸ್ಪೇನ್ ಮತ್ತು ಕೆನಡಾ ದೇಶಗಳ ವಿಜ್ಞಾನಿಗಳು ಇಲಿಮರಿಗಳಂಥ ಸಣ್ಣ ಇಲಿಗಳ ಮೇಲೆ ಇದೇ ಪರೀಕ್ಷೆಯನ್ನು ನಡೆಸಿದರು. ಆಪೊ-ಡಿ ಇಲ್ಲದ ಇಲಿಗಳ ಮಿದುಳಿನಲ್ಲಿ ಮೇದಸ್ಸಿನ ಕೇಡು ಹೆಚ್ಚಾಗಿದ್ದಿತು. ಅವುಗಳ ನಡೆದಾಟವೂ ಕಲಿಯುವ ಶಕ್ತಿಯೂ ಕುಂದಿದ್ದವು. ಮನುಷ್ಯನ ಆಪೊ-ಡಿ ಹೆಚ್ಚಾಗಿದ್ದ ಇಲಿಗಳಲ್ಲಿ ಫಲವು ಇದಕ್ಕೆ ವಿರುದ್ಧವಾಗಿದ್ದಿತು. ಆಪೊ-ಡಿಯು ಕೊಡ ಹಿಡಿದವರ ಗುಂಪಿಗೆ ಸೇರಿದುದೆಂಬುದು ಹೀಗೆ ಸ್ಪಷ್ಟವಾಯಿತು.

ಹತ್ತಿಯ ಹೊಲದಿಂದ ಪ್ರಯೋಗಶಾಲೆಗೆ

ಈ ಪ್ರಯೋಗಗಳಲ್ಲಿ ಉತ್ಕರ್ಷಣದ ಒತ್ತಡವನ್ನು ಉಂಟುಮಾಡಲು ವಿಜ್ಞಾನಿಗಳು ಬಳಸಿದ ವಸ್ತು ಪ್ಯಾರಾಕ್ವಾಟ್. ಈ ಹೆಸರು ಹತ್ತಿ ಬೆಳೆಯುವ ಸೀಮೆಗಳ ರೈತರಿಗೆ ಹೊಸದಲ್ಲ. ಕಳೆಯನ್ನು ಸುಡುವ ಔಷಧವಾಗಿ ಅದು 1962ರಿಂದ ಮಾರುಕಟ್ಟೆಗೆ ಬಂದಿತು. ಅದಕ್ಕೂ ಮೊದಲು ರಸಾಯನಶಾಲೆಗಳಲ್ಲಿ ಅದಕ್ಕೆ ಮೀಥೈಲ್ ವಯೊಲೊಜೆನ್ ಎಂಬ ಹೆಸರಿದ್ದಿತು. ಒಂದು ಎಲೆಕ್ಟ್ರಾನನ್ನು ಪಡೆದೊಡನೆ ನೀಲಿ ಬಣ್ಣಕ್ಕೆ ತಿರುಗುವುದರಿಂದ ಎಲೆಕ್ಟ್ರಾನುಗಳ ಸಂಚಾರವನ್ನು ಗುರುತಿಸಲು ಅದನ್ನು ಬಳಸುತ್ತಿದ್ದರು.

ಅದರ ಕೇಡಿನ ಮೂಲವೂ ಈ ಗುಣದಲ್ಲಿಯೇ ಇದೆ. ಎಲೆಯ ಮೇಲೆ ಬಿದ್ದ ಪ್ಯಾರಾಕ್ವಾಟ್ ಸೂರ್ಯನ ಬೆಳಕಿನಿಂದ ಹೊರಟ ಎಲೆಕ್ಟ್ರಾನುಗಳನ್ನು ಕದ್ದು ಆಮ್ಲಜನಕಕ್ಕೆ ಕೊಡುವುದು. ಸೂಪರಾಕ್ಸೈಡು ಹುಟ್ಟುವುದು. ಕೊಟ್ಟ ಮೇಲೆ ಪ್ಯಾರಾಕ್ವಾಟ್ ಮತ್ತೆ ಮೊದಲಿನಂತಾಗಿ ಮತ್ತೊಂದು ಎಲೆಕ್ಟ್ರಾನಿಗೆ ಕೈಚಾಚುವುದು. ತಾನು ವ್ಯಯವಾಗದೆ ಒಂದೇ ಅಣುವು ಸಾವಿರಾರು ಸಲ ಈ ಕೆಲಸವನ್ನು ಮಾಡಬಲ್ಲುದು. ಎಲೆಯ ಪೊರೆಗಳು ಒಡೆದು ಗಿಡವು ಸುಟ್ಟಂತೆ ಕಪ್ಪಾಗುವುದು. ಮನುಷ್ಯನ ದೇಹವನ್ನು ಹೊಕ್ಕಾಗಲೂ ಇದೇ ಚಕ್ರವು ತಿರುಗುವುದು. ಶ್ವಾಸಕೋಶವು ಅದನ್ನು ವಿಶೇಷವಾಗಿ ಹೀರಿ ಕೂಡಿಟ್ಟುಕೊಳ್ಳುವುದರಿಂದ ಅಲ್ಲಿಯ ಹಾನಿಯೇ ಅತಿ ಘೋರ. ಇದಕ್ಕೆ ನಿಶ್ಚಿತವಾದ ಪ್ರತ್ಯೌಷಧವಿಲ್ಲ. ಉಸಿರು ಕಟ್ಟಿದವನಿಗೆ ಆಮ್ಲಜನಕ ಕೊಡುವುದು ವೈದ್ಯರ ವಾಡಿಕೆಯಷ್ಟೆ. ಈ ವಿಷದಲ್ಲಾದರೋ ಆಮ್ಲಜನಕವೇ ಬೆಂಕಿಗೆ ತುಪ್ಪವಾಗುವುದರಿಂದ ವೈದ್ಯರು ಅದನ್ನು ಬಹಳ ಹಿಡಿತದಿಂದ ಕೊಡಬೇಕಾಗುವುದು. ಐರೋಪ್ಯ ಒಕ್ಕೂಟದಲ್ಲಿ ಪ್ಯಾರಾಕ್ವಾಟಿಗಿದ್ದ ಅನುಮತಿಯು 2007ರಲ್ಲಿ ರದ್ದಾಯಿತು.

ನಮ್ಮ ಹೊಲಗಳಲ್ಲಿ ಸಿಂಪಡಿಸುವ ಔಷಧಗಳಿಗೆಲ್ಲ ‘ಎಣ್ಣೆ’ ಎಂದೇ ಹೆಸರು. ‘ಹತ್ತಿಗೆ ಎಣ್ಣೆ ಹೊಡೆಯಬೇಕು’ ಎನ್ನುವುದು ದಿನನಿತ್ಯದ ಮಾತು. ಅಡುಗೆಯ ಎಣ್ಣೆಗೂ ಹೊಲದ ಎಣ್ಣೆಗೂ ಮಾತಿನಲ್ಲಿ ಭೇದವಿಲ್ಲವೆಂದ ಮೇಲೆ ಇಡುವ ಜಾಗದಲ್ಲಿಯಾದರೂ ಭೇದವಿರಬೇಕು. ಅಂಥ ಔಷಧವನ್ನು ಕುಡಿಯುವ ನೀರಿನ ಬಾಟಲಿಗೆ ಸುರಿದಿಡುವುದು ಪ್ರಾಣಾಪಾಯಕ್ಕೆ ಆಹ್ವಾನ. ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಅದರದೇ ಡಬ್ಬಿಯಲ್ಲಿ, ಮಕ್ಕಳಿಗೆ ಸಿಕ್ಕದಂತೆ ಇಡಬೇಕು. ಕೈಚೀಲ, ಮುಖವಸ್ತ್ರ, ಮೈತುಂಬ ಬಟ್ಟೆ ಇಲ್ಲದೆಯೂ, ಗಾಳಿಗೆ ಎದುರಾಗಿಯೂ ಸಿಂಪಡಿಸಕೂಡದು. ಗಾಯವಾದ ಚರ್ಮದ ಮೂಲಕವೂ ವಿಷವು ಒಳಸೇರಬಲ್ಲುದು. ಬಾಯಿಗೆ ಹೋದುದು ತೀರ ಸ್ವಲ್ಪವೆಂದು ತೋರಿದರೂ, ಆ ಕ್ಷಣಕ್ಕೆ ಮನುಷ್ಯನು ನೆಟ್ಟಗೇ ಇದ್ದರೂ, ತಡಮಾಡದೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಡಬ್ಬಿಯ ಮೇಲಿನ ಚೀಟಿಯನ್ನು ವೈದ್ಯರಿಗೆ ತೋರಿಸಬೇಕು. ಮೊದಲ ದಿನ ಕಾಣುವ ಆರೋಗ್ಯವನ್ನು ನಂಬುವಂತಿಲ್ಲ, ಏಕೆಂದರೆ ಶ್ವಾಸಕೋಶದ ಹಾನಿಯು ಕೆಲವು ದಿನಗಳ ಮೇಲೆಯೂ ತಲೆದೋರುವುದುಂಟು. ಪ್ರಯೋಗಶಾಲೆಯ ಇಲಿಯನ್ನು ಆಪೊ-ಡಿ ಸ್ವಲ್ಪಮಟ್ಟಿಗೆ ಕಾಪಾಡಿತೆಂದು ಮನುಷ್ಯನು ಎಚ್ಚರದಪ್ಪಬಾರದು.

ಕಾವಲಿನ ಕ್ರಮ

ಆಪೊ-ಡಿಯು ಬೆಂಕಿಯನ್ನು ಆರಿಸುವುದಾದರೂ ಹೇಗೆ? 2012ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಇದಕ್ಕೆ ಒಂದು ಸುಂದರವಾದ ಉತ್ತರವನ್ನಿತ್ತರು. ಸರಪಳಿಯಲ್ಲಿ 93ನೆಯದಾಗಿ ಮೆಥಿಯೋನಿನ್ ಎಂಬ ಗಂಧಕವುಳ್ಳ ಅಮೈನೋ ಆಮ್ಲವಿದೆ. ಹೈಡ್ರೊಪೆರಾಕ್ಸೈಡಾಗಿ ಕೆಟ್ಟ ಮೇದಾಮ್ಲವು ಬಳಿಗೆ ಬಂದಾಗ ಈ ಗಂಧಕವು ಅದರ ಹೆಚ್ಚುವರಿ ಆಮ್ಲಜನಕದ ಪರಮಾಣುವನ್ನು ತಾನು ತೆಗೆದುಕೊಳ್ಳುವುದು. ಕೆಂಡದಂತಿದ್ದ ಹೈಡ್ರೊಪೆರಾಕ್ಸೈಡು ಆಗ ಶಾಂತವಾದ ಹೈಡ್ರಾಕ್ಸಿ ರೂಪಕ್ಕೆ ಬರುವುದು. ಮುಂದೆ ಒಡೆದು ರ‍್ಯಾಡಿಕಲ್ಲುಗಳನ್ನು ಹುಟ್ಟಿಸಲಾರದು. ಕೇಡನ್ನು ತನ್ನ ಮೈಮೇಲೆ ಎಳೆದುಕೊಂಡು ಸರಪಳಿಯನ್ನು ಅಲ್ಲಿಗೇ ಕಡಿಯುವ ಕೆಲಸವಿದು. ಮಿದುಳಿನಲ್ಲಿ ನರಕೋಶಗಳ ಪಕ್ಕದಲ್ಲಿರುವ ಪೋಷಕ ಕೋಶಗಳು ಆಪೊ-ಡಿಯನ್ನು ತಯಾರಿಸಿ ನರಕೋಶಗಳಿಗೆ ಒದಗಿಸುವುವು. ಜೀವಕೋಶದ ಕಸವನ್ನು ಜೀರ್ಣಿಸುವ ಲೈಸೊಸೋಮ್ ಎಂಬ ಚೀಲಗಳ ಪೊರೆಯು ಒತ್ತಡದಲ್ಲಿ ಸೋರದಂತೆಯೂ ಅದು ಕಾಯುವುದೆಂದು ಸ್ಪೇನಿನ ವಿಜ್ಞಾನಿಗಳು 2017ರಲ್ಲಿ ವರದಿ ಮಾಡಿದರು.

ಇನ್ನು ಉರಿಯೂತದ ಮಾತು. ಕಾಲಿಗೆ ಮುಳ್ಳು ನೆಟ್ಟು ಆ ಜಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ನೋಯುವುದು ಎಲ್ಲರೂ ಕಂಡ ಸಂಗತಿ. ಜೀವಕೋಶದ ಪೊರೆಯಿಂದ ಬಿಡುಗಡೆಯಾದ ಅರಾಕಿಡೋನಿಕ್ ಆಮ್ಲವು ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುಗಳಾಗಿ ಮಾರ್ಪಟ್ಟು ಈ ಉರಿಯೂತವನ್ನು ಕೆರಳಿಸುವುದು. ಆಸ್ಪಿರಿನ್ ಗುಳಿಗೆಯು ಈ ಮಾರ್ಪಾಟನ್ನೇ ತಡೆಯುವುದೆಂದು ಜಾನ್ ವೇನ್ 1971ರಲ್ಲಿ ತೋರಿಸಿ, 1982ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ಆಪೊ-ಡಿಯು ಅರಾಕಿಡೋನಿಕ್ ಆಮ್ಲವನ್ನು ಬಟ್ಟಲಿನಲ್ಲಿ ಹಿಡಿದಿಟ್ಟುಕೊಂಡರೆ ಉರಿಯೂತಕ್ಕೆ ಬೇಕಾದ ಕಚ್ಚಾ ಸರಕೇ ಕಡಮೆಯಾಗುವುದೆಂದು ವಿಜ್ಞಾನಿಗಳು ತರ್ಕಿಸುವರು. ಇದಕ್ಕೆ ಹೊಂದುವ ಪ್ರಯೋಗವೂ ಉಂಟು. ಮನುಷ್ಯರಲ್ಲಿ ನೆಗಡಿಯನ್ನು ತರುವ ಕೊರೋನ ವೈರಸ್ಸೊಂದನ್ನು ಇಲಿಗಳ ಮಿದುಳಿಗೆ ಸೇರಿಸಿದಾಗ, ಆಪೊ-ಡಿ ಹೆಚ್ಚಾಗಿದ್ದ ಇಲಿಗಳಲ್ಲಿ ಉರಿಯೂತವು ಕಡಮೆಯಾಗಿ ಹೆಚ್ಚು ಇಲಿಗಳು ಬದುಕಿ ಉಳಿದವು. ಇದು 2008ರ ಮಾತು.

ಹೆಚ್ಚಾದರೆ ಅಮೃತವೂ ವಿಷ

ಹಾಗಾದರೆ ಎಲ್ಲರಿಗೂ ಆಪೊ-ಡಿಯನ್ನು ಕೊಟ್ಟುಬಿಡಬಹುದಲ್ಲ ಎಂದು ತರುಣ ವಾಚಕರು ಕೇಳಬಹುದು. ಮಿದುಳಿನ ನರಕೋಶಗಳಲ್ಲಿ ಆಪೊ-ಡಿ ಸದಾ ಹೆಚ್ಚಾಗಿರುವಂತೆ ಮಾಡಿದ ಆ ಇಲಿಗಳನ್ನೇ ವಯಸ್ಸಾಗುವವರೆಗೆ ಗಮನಿಸಿದಾಗ ಅವುಗಳಲ್ಲಿ ಇನ್ಸುಲಿನ್ನಿಗೆ ಮಣಿಯದ ಗುಣವೂ, ಯಕೃತ್ತಿನಲ್ಲಿ ಕೊಬ್ಬು ಸೇರುವುದೂ ಕಂಡುಬಂದವು. ಮೇದಸ್ಸಿನ ಸಾಗಣೆಯ ಲೆಕ್ಕಾಚಾರವು ಎಲ್ಲಿಯೋ ತಪ್ಪಿದ್ದಿತು. ಉತ್ಕರ್ಷಣವನ್ನು ತಡೆಯುವ ಗುಳಿಗೆಗಳ ವಿಷಯದಲ್ಲಿಯೂ ಇಂಥ ಪಾಠವೊಂದಿದೆ. ಫಿನ್ಲೆಂಡಿನಲ್ಲಿ ಧೂಮಪಾನ ಮಾಡುವ 29,133 ಗಂಡಸರ ಮೇಲೆ ಪರೀಕ್ಷೆ ನಡೆಯಿತು. ಬೀಟಾ ಕ್ಯಾರೊಟೀನ್ ಗುಳಿಗೆಯನ್ನು ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರು ಕಡಮೆಯಾಗುವ ಬದಲು ಹೆಚ್ಚಾಯಿತೆಂದು 1994ರಲ್ಲಿ ಪ್ರಕಟವಾದ ಫಲಿತಾಂಶವು ತಿಳಿಸಿತು. ಒಂದು ವಸ್ತುವು ಒಂದು ಕಡೆ ಒಳ್ಳೆಯದನ್ನು ಮಾಡಿತೆಂದರೆ ಎಲ್ಲ ಕಡೆಯೂ, ಎಷ್ಟು ಕೊಟ್ಟರೂ, ಒಳ್ಳೆಯದನ್ನೇ ಮಾಡುವುದೆಂದು ನಂಬುವುದು ವಿಜ್ಞಾನದ ಮಾರ್ಗವಲ್ಲ.

ಹರಿಗೋಲಿಗೂ ಒಂದು ಅಳತೆಯುಂಟು. ಹೊಳೆಯ ಸೆಳೆತ, ಸರಕಿನ ಭಾರ, ಅಂಬಿಗನ ಬಲ ಈ ಮೂರನ್ನೂ ತೂಗಿ ನೋಡಿ ಹುಟ್ಟು ಹಾಕುವವನೇ ಆಚೆಯ ದಡವನ್ನು ಸೇರುವನು. ಆಪೊ-ಡಿಯು ಎಲ್ಲಿ, ಯಾವಾಗ, ಎಷ್ಟು ಬೇಕೆಂಬ ಲೆಕ್ಕವನ್ನು ವಿಜ್ಞಾನಿಗಳು ಇನ್ನೂ ಹಾಕುತ್ತಿದ್ದಾರೆ. ಅದರಿಂದ ಮರೆವಿನ ರೋಗಕ್ಕೆ ಮದ್ದು ದೊರೆಯಬೇಕಾದರೆ ಆ ಲೆಕ್ಕವು ಸರಿಯಾಗಬೇಕು. ಕಾಲೇಜಿನ ಮೆಟ್ಟಿಲನ್ನು ಈಗ ಹತ್ತುತ್ತಿರುವ ರಾಯಚೂರು, ಮಾನ್ವಿ, ದೇವದುರ್ಗಗಳ ವಿದ್ಯಾರ್ಥಿ ವಿದ್ಯಾರ್ಥಿನಿಯರಿಗೂ ಅದರಲ್ಲಿ ಕೈಹಾಕುವ ಅವಕಾಶವಿದೆ. ಅಲ್ಲಿಯವರೆಗೆ ಹೊಲದ ಎಣ್ಣೆಯ ಡಬ್ಬಿಗೆ ಬೀಗ ಹಾಕುವ ಕೆಲಸವನ್ನಂತೂ ಅವರು ಈ ದಿನವೇ ಮಾಡಬಹುದು.